ಅಳಿಲಿಗಿದ್ದ ಗುರುತು ಅಣಬೆಗಿರಲಿಲ್ಲ

ಈ ಸಲದ ಶ್ರಾವಣದಲ್ಲಿ ಮಗಳನ್ನು ನೋಡಿಕೊಂಡು ಬರಲು ಕೃಷ್ಣರಾಜಪೇಟೆಗೆ ಹೋಗಿದ್ದೆ. ಅವಳಿಗೆ ಅಲ್ಲೇ ಕೆಲಸ. ಹೊರಡುವಾಗ ನನ್ನನ್ನು ಬಸ್ಸು ಹತ್ತಿಸಲು ಸ್ಟ್ಯಾಂಡಿನವರೆಗೆ ಬಂದಳು. ಹಿಂದಿನ ಸಂಜೆ ಚೆನ್ನಾಗಿ ಗುಡುಗಿ ಮಳೆ ಬಂದಿತ್ತು. ಹೂವಿನವರ ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ಮುತ್ತುಗದ ಎಲೆಯ ಮೇಲೆ ಏನನ್ನೋ ಗುಡ್ಡೆ ಹಾಕಿ, ಒದ್ದೆ ಬಟ್ಟೆ ಮುಚ್ಚಿಕೊಂಡು ಕುಳಿತಿದ್ದಳು. ಅವಳು ಬಟ್ಟೆ ಸರಿಸುವ ಮೊದಲೇ ನನ್ನ ಮೂಗಿಗೆ ವಾಸನೆ ಬಂದುಬಿಟ್ಟಿತು. ಒದ್ದೆ ಮಣ್ಣು, ಹುತ್ತದೊಳಗಿನ ತಂಪು, ಆಗತಾನೆ ಕಿತ್ತ ಕಡಲೆಕಾಯಿಯಂಥದ್ದೇನೋ... ಅಣಬೆ.

"ತಕಳಕ್ಕ, ಉತ್ತದ ಅಣಬೆ. ಈಗ್ಲೇ ಕಿತ್ಕೊಂಡ್ ಬಂದಿರದು" ಎಂದಳು ಅವಳು.

ನಾನು ನಿಂತೇ ಇದ್ದೆ. ಮಗಳು "ಬೇಕಾ ಅಮ್ಮ?" ಎಂದು ಕೇಳಿದಳು. ಬೇಡ ಎಂದು ತಲೆಯಾಡಿಸಿದೆ. ಬಾಯಲ್ಲಿ ನೀರೂರಿತ್ತು, ಕಣ್ಣಲ್ಲೂ. ಬಸ್ಸು ಬಂತು, ಹತ್ತಿದೆ. ದಾರಿಯುದ್ದಕ್ಕೂ ನನ್ನ ಪಕ್ಕದಲ್ಲಿ ಕುಳಿತಿದ್ದವರು ನಮ್ಮ ಪಕ್ಕದ ಮನೆಯ ದೊಡ್ಡವ್ವ. ಅವರು ತೀರಿಹೋಗಿ ಎಷ್ಟೋ ವರ್ಷಗಳಾಗಿವೆ.

ನಾನು ಹುಟ್ಟಿ ಬೆಳೆದದ್ದು ಬಾಬುರಾಯನಕೊಪ್ಪಲಿನಲ್ಲಿ. ಅಲ್ಲಿ ನಾಲೆಯ ನೀರು, ಭತ್ತದ ಗದ್ದೆ, ಮೈಸೂರು ರಸ್ತೆಯ ಸದ್ದು. ಮದುವೆಯಾಗಿ ಬಂದದ್ದು ಪಾಂಡವಪುರ ದಾಟಿ ಮೇಲುಕೋಟೆ ಕಡೆಗೆ ಹೋಗುವಾಗ ಸಿಗುವ ಈ ಊರಿಗೆ. ಇಲ್ಲಿ ರಾಗಿ, ಹುರುಳಿ, ಕಲ್ಲು, ಹುತ್ತ. ಬಂದ ಹೊಸದರಲ್ಲಿ ನನಗೆ ಇಲ್ಲಿ ಏನೂ ಇಲ್ಲ ಅನ್ನಿಸುತ್ತಿತ್ತು. ಇಲ್ಲ ಅನ್ನಿಸಿದ ಕಡೆ ಏನೇನು ಇದೆ ಎಂದು ತೋರಿಸಿಕೊಟ್ಟವರು ದೊಡ್ಡವ್ವ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮೋಟುಗೋಡೆ, ಗೋಡೆಯ ಆಚೆ ಅವರ ಹುಣಸೆಮರ. ಗಂಡ ತೀರಿಹೋಗಿದ್ದರು. ಮಗ ಸೊಸೆ ಹೊಲ, ಹಸು, ಡೇರಿ ಎಂದು ಓಡಾಡುತ್ತಿದ್ದರು. ದೊಡ್ಡವ್ವ ಬೆಳಗ್ಗೆ ಮಿಂದು, ರಾಮದೇವರ ಪಟಕ್ಕೆ ಕೈಮುಗಿದು, ನೆನೆಸಿದ ಕಡಲೆಬೇಳೆಯನ್ನು ಒಂದು ಚಿಟಿಕೆ ಆ ಮೋಟುಗೋಡೆಯ ಮೇಲೆ ಇಡುವರು. ಹುಣಸೆಮರದಿಂದ ಅಳಿಲು ಇಳಿದು ಬರುತ್ತಿತ್ತು. ಎರಡು ಕೈಯಲ್ಲೂ ಹಿಡಿದು, ಬಾಲ ಬೆನ್ನ ಮೇಲೆ ಹೊದ್ದುಕೊಂಡು, ದೇವರ ಮುಂದೆ ಕುಳಿತವರ ಹಾಗೆ ಕುಳಿತು ತಿನ್ನುತ್ತಿತ್ತು.

"ನೋಡ್ ಮಗ, ಬೆನ್ನ ಮ್ಯಾಲೆ ಸ್ವಾಮಿ ಬೆರಳು" ಎನ್ನುವರು. ಸೇತುವೆ ಕಟ್ಟುವಾಗ ಮರಳು ಹೊತ್ತದ್ದಕ್ಕೆ ರಾಮದೇವರು ಸವರಿದ್ದು ಎಂಬ ಕಥೆ ಎಲ್ಲರಿಗೂ ಗೊತ್ತಿರುವುದೇ. ದೊಡ್ಡವ್ವನಿಗೆ ಮಾತ್ರ ಅದು ಕಥೆಯಾಗಿರಲಿಲ್ಲ, ನಿನ್ನೆ ಸಂಜೆ ನಮ್ಮ ಕೆರೆ ಏರಿಯ ಮೇಲೆ ನಡೆದ ಸಂಗತಿಯಾಗಿತ್ತು. ಆದರೂ ಬೈಯುವುದನ್ನು ಬಿಡುತ್ತಿರಲಿಲ್ಲ. ನಾನು ಒಣಗಲು ಹಾಕಿದ್ದ ದಿಂಬಿನಿಂದ ಹತ್ತಿ ಎಳೆದುಕೊಂಡು ಹೋಗಿ ಅದು ಗೂಡು ಕಟ್ಟಿದಾಗ, "ದೇವ್ರು ಸವರವ್ನೆ ಅಂತ ನಿಂಗೆ ಕೊಬ್ಬು ಕಣೆ, ಕಳ್ಳಮುಂಡೆ" ಎಂದು ಮರದ ಕಡೆ ಕೈ ತೋರಿಸಿ ಕೂಗಾಡಿದ್ದರು. ಅದೂ ಬಾಲ ಕುಣಿಸಿಕೊಂಡು ಅಷ್ಟೇ ಜೋರಾಗಿ ತಿರುಗಿ ಬೈದಿತ್ತು.

ಅಣಬೆಯನ್ನು ನನಗೆ ಮೊದಲು ತೋರಿಸಿದವರೂ ಅವರೇ. ಮಳೆಗಾಲದ ಒಂದು ಬೆಳಗ್ಗೆ, ಗುಡುಗು ಬಂದ ಮಾರನೇ ದಿನ, ಕೈಹಿಡಿದುಕೊಂಡು ಹೊಲದ ಬದುವಿಗೆ ಕರೆದುಕೊಂಡು ಹೋದರು. ಹಿಂದಿನ ದಿನ ನಾನು ಅದೇ ದಾರಿಯಲ್ಲಿ ಸೊಪ್ಪು ಕೊಯ್ದು ಬಂದಿದ್ದೆ. ಬರೀ ಕೆಂಪು ನೆಲ. ಈಗ ಹುತ್ತದ ಸುತ್ತ ನೆಲವೆಲ್ಲ ಬಿರುಕು ಬಿಟ್ಟು, ಬಿರುಕು ಬಿರುಕಿನಿಂದಲೂ ಬಿಳಿಯ ಮೊಗ್ಗು ತಲೆಯೆತ್ತಿತ್ತು. ಒಂದನ್ನು ಮೆಲ್ಲಗೆ ಅಗೆದು ಎಳೆದರೆ ಅದರ ಕಾಲು ಮೊಳದಷ್ಟು ಒಳಗೆ ಇಳಿದಿತ್ತು. ಬಿತ್ತಿದವರಿಲ್ಲ, ನೀರು ಹಾಕಿದವರಿಲ್ಲ. ನಾನು ಚಪ್ಪಲಿ ಬಿಟ್ಟುಬಿಟ್ಟೆ.

ದೊಡ್ಡವ್ವ ಹುತ್ತಕ್ಕೆ ಕೈಮುಗಿದು, ಒಂದಷ್ಟನ್ನು ನಾಗಪ್ಪನಿಗೆಂದು ಬಿಟ್ಟು, ಉಳಿದದ್ದನ್ನು ಮಡಿಲಿಗೆ ತುಂಬಿಕೊಂಡರು. ದಾರಿಯಲ್ಲಿ ಬರುತ್ತಾ ಅವರ ಮಾತು ಅಳಿಲಿನ ಕಡೆಗೇ ತಿರುಗಿತು. ಅಳಿಲು ದಿನಾ ಬರುತ್ತದೆ, ಬೆಳಗಾದರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ, ತಿಂದದ್ದು ಸಾಲದೆ ಕದಿಯುತ್ತದೆ. ಅಣಬೆ ವರ್ಷಕ್ಕೆ ಒಂದು ಸಲ ಬಂದು, ಒಂದು ಸದ್ದೂ ಮಾಡದೆ, ನೋಡದಿದ್ದರೆ ಸಂಜೆಗೆ ಕೊಳೆತು ಮಣ್ಣಾಗಿ ಹೋಗುತ್ತದೆ. "ಅದು ಮ್ಯಾಲಿಂದ ಇಳೀತದೆ, ಇದು ಕೆಳಗಿಂದ ಏಳ್ತದೆ. ಎರಡ್ನೂವೆ ನಾವು ಕರೆದಿಲ್ಲ ಕಣ್ ಮಗ. ಬತ್ತವೆ." ಎಂದಿದ್ದರು. ಅಷ್ಟು ಸಾಕಾಗಿತ್ತು ನನಗೆ. ಆವತ್ತಿನಿಂದ ಈ ಊರು ನನ್ನದಾಯಿತು.

ಈಗ ಒಂದು ಮಾತು ಹೇಳಬೇಕು. ದೊಡ್ಡವ್ವ ಅಣಬೆ ಸಾರು ಮಾಡಿದ ದಿನ ನಮ್ಮ ಅತ್ತೆಗೂ ಅವರಿಗೂ ಜಗಳ ಗ್ಯಾರಂಟಿ. ನಮ್ಮ ಕಡೆ ಪಕ್ಕದ ಮನೆಗೆ ಏನನ್ನಾದರೂ ಕೊಡುವುದಿದ್ದರೆ, ಮನೆಯವರು ಬಾಯಿಗಿಡುವ ಮೊದಲೇ ಒಂದು ಬಟ್ಟಲು ಎತ್ತಿಟ್ಟು ಕೊಡುವುದು ರೂಢಿ. ಉಂಡು ಮಿಕ್ಕಿದ್ದನ್ನು ಕೊಟ್ಟರೆ ಅವಮಾನ. ದೊಡ್ಡವ್ವ ಬೇರೆ ಎಲ್ಲದರಲ್ಲೂ ಹಾಗೆಯೇ ನಡೆದುಕೊಳ್ಳುವರು. ಒಬ್ಬಟ್ಟಾಗಲಿ, ಹುರುಳಿ ಬಸ್ಸಾರಾಗಲಿ, ಮೊದಲ ಬಟ್ಟಲು ನಮ್ಮದೇ. ಅಣಬೆ ಸಾರೊಂದನ್ನು ಮಾತ್ರ ಬೆಳಗ್ಗೆಯೇ ಮುದ್ದೆ ಮುರಿದುಕೊಂಡು ತಾವು ಉಂಡುಬಿಡುವರು. ಮಗ ಸೊಸೆಗೂ ಕೊಡದೆ. ಆಮೇಲೆ ಜಗಲಿಯ ಕಂಬಕ್ಕೆ ಒರಗಿ ಅಳಿಲು ನೋಡುತ್ತಾ ಕುಳಿತಿರುವರು. ಬಿಸಿಲು ಇಳಿದ ಮೇಲೆ ಸಾರನ್ನು ಮತ್ತೆ ಕುದಿಸಿ, ಮನೆಯವರಿಗೆ ಇಕ್ಕಿ, ನಮಗೂ ತರುವರು.

"ಏನಕ್ಕ, ನೀನುಂಡು ಮಿಕ್ಕಿದ್ದಾ ನಮ್ಗೆ?" ಎಂದು ಅತ್ತೆ ಮುಖ ತಿರುಗಿಸುವರು.

"ಊಂ ಕಣಮ್ಮಿ. ನಂದು ಒಟ್ಟೆಬಾಕ ಜಲ್ಮ. ಅಣಬೆ ಕಂಡ್ರೆ ತಡಿಯಾಕಾಗಾಕಿಲ್ಲ. ಬ್ಯಾಡ ಅಂದ್ರೆ ಬಟ್ಲು ಕೊಡು, ಅದ್ನೂ ನಾನೇ ಉಣ್ತೀನಿ."

ಅತ್ತೆ ಬಟ್ಟಲನ್ನು ಯಾವತ್ತೂ ವಾಪಸ್ಸು ಕೊಟ್ಟದ್ದಿಲ್ಲ. ಗೊಣಗಿಕೊಂಡೇ ಬೆರಳು ನೆಕ್ಕಿಕೊಂಡು ಉಣ್ಣುವರು. ಬೀದಿಯಲ್ಲೆಲ್ಲ ಅದೊಂದು ತಮಾಷೆ. ಅಣಬೆ ಸಿಕ್ಕರೆ ಮುದುಕಿ ಸ್ವಂತ ಮೊಮ್ಮಕ್ಕಳಿಗೂ ಮುಟ್ಟಗೊಡುವುದಿಲ್ಲ ಎಂದು ನಗುವರು. ದೊಡ್ಡವ್ವನೂ ನಗುವರು.

ಅದರ ಮುಂದಿನ ವರ್ಷಗಳು ನನಗೆ ಕಷ್ಟದವು. ಮೊದಲ ಬಸಿರು ನಿಲ್ಲಲಿಲ್ಲ. ಅತ್ತೆ ಬೆಟ್ಟದ ಯೋಗಾನರಸಿಂಹಸ್ವಾಮಿಗೆ ಹರಕೆ ಹೊತ್ತರು. ನಾನು ಶನಿವಾರ ಶನಿವಾರ ಮೆಟ್ಟಿಲು ಹತ್ತಿದೆ. ತಡವಾಗಿ ಮತ್ತೆ ಬಸಿರಾದಾಗ ಮನೆಯಲ್ಲಿ ಯಾರೂ ಜೋರಾಗಿ ನಗುತ್ತಲೂ ಇರಲಿಲ್ಲ, ಎಲ್ಲಿ ಕಣ್ಣು ಬೀಳುತ್ತದೋ ಎಂದು. ನನಗೆ ಏನೂ ಸೇರುತ್ತಿರಲಿಲ್ಲ. ಅನ್ನ ಕಂಡರೆ ವಾಕರಿಕೆ. ಒಂದೇ ಒಂದು ಬಯಕೆ... ದೊಡ್ಡವ್ವನ ಅಣಬೆ ಸಾರು. ಆ ವರ್ಷ ಮಳೆ ತಡವಾಯಿತು. ಹುತ್ತಗಳು ಸುಮ್ಮನಿದ್ದವು. ದೊಡ್ಡವ್ವ ಬದುವೆಲ್ಲ ತಿರುಗಿ ಬರಿಮಡಿಲಲ್ಲಿ ಬರುವರು.

ಕೊನೆಗೂ ಮಳೆ ಬಂದ ಮಾರನೇ ಬೆಳಗ್ಗೆ ಅತ್ತೆ ಹಿತ್ತಲಿನಿಂದ ಓಡಿಬಂದರು. ಸೆರಗಿನ ತುಂಬ ಅಣಬೆ. ದಪ್ಪ, ಬಿಳಿ, ತಟ್ಟೆಯಷ್ಟಗಲ. ತಿಪ್ಪೆಯ ಅಂಚಿನ ಹುಲ್ಲಿನಲ್ಲಿ ಎದ್ದಿದ್ದವಂತೆ. "ಅಳಿಲು ಆಗ್ಲೇ ಬಾಯಾಕದೆ ನೋಡು" ಎಂದು ಒಂದರ ಅಂಚು ತೋರಿಸಿದರು. ಸಣ್ಣ ಹಲ್ಲಿನ ಗುರುತು ಸ್ಪಷ್ಟವಾಗಿತ್ತು. "ರಾಮದೇವ್ರು ಸವರಿದ ಪ್ರಾಣಿ ಬಾಯಿಟ್ಟದೆ ಅಂದ್ರೆ ಇದು ಪ್ರಸಾದ ಕಣೆ. ನಿನ್ ಬಯಕೆಗೇ ಬಂದದೆ."

ನನಗೂ ಹಾಗೆಯೇ ಅನ್ನಿಸಿತು. ಮೆಟ್ಟಿಲು ಹತ್ತಿದ್ದಕ್ಕೆ ಸ್ವಾಮಿ ಕಳಿಸಿದ್ದಾನೆ ಎಂದೇ ನಂಬಿದೆ. ಖಾರ ರುಬ್ಬಿದೆ, ಅತ್ತೆ ಒಗ್ಗರಣೆ ಹಾಕಿದರು. ಸಾರು ಕುದಿಯುವ ಹೊತ್ತಿಗೆ ದೊಡ್ಡವ್ವ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಪಾತ್ರೆಯನ್ನು ನೋಡಿದರು, ಮೊರದಲ್ಲಿ ಉಳಿದಿದ್ದ ಒಂದು ಅಣಬೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲಿದಮ್ಮಿ ಇದು?"

"ತಿಪ್ಪೆ ಅಂಚಲ್ಲಿ. ಅಳಿಲು ತಿಂದದೆ, ಏನೂ ಆಗಾಕಿಲ್ಲ ಬುಡು."

"ಉತ್ತದ್ದಲ್ಲ ಇದು. ಒಳ್ಳೇದೋ ಕೆಟ್ಟದ್ದೋ ನಂಗೂ ಗುರ್ತು ಸಿಕ್ತಾ ಇಲ್ಲ."

"ಅಂಗಾರೆ ಏನು, ಚೆಲ್ಬುಡಾನಾ? ಬಸುರಿ ಬಾಯಿಗೆ ಬಂದಿದ್ದ ಚೆಲ್ಲಿದ್ರೆ ಒಳ್ಳೇದಾದದಾ? ನೀನೇ ಯೋಳು" ಎಂದರು ಅತ್ತೆ. ಬಸುರಿಯ ಬಯಕೆಯನ್ನು ಬಾಯಿಯ ಹತ್ತಿರ ತಂದು ಕಿತ್ತುಕೊಂಡರೆ ಕೂಸಿಗೆ ಕೇಡು ಎಂಬ ನಂಬಿಕೆ ನಮ್ಮಲ್ಲಿದೆ. ಒಂದು ಸಲ ಕಳೆದುಕೊಂಡ ಮನೆಯಲ್ಲಿ ಆ ಮಾತಿಗೆ ಎಷ್ಟು ಭಯ ಇರುತ್ತದೆ ಎಂದು ದೊಡ್ಡವ್ವನಿಗೂ ಗೊತ್ತಿತ್ತು. ಅವರೂ ಅದನ್ನು ನಂಬಿದವರೇ. ಚೆಲ್ಲುವಂತಿಲ್ಲ, ಉಣ್ಣಿಸುವಂತಿಲ್ಲ. ಕೈಯಲ್ಲಿದ್ದ ಅಣಬೆಯನ್ನು ಮೊರಕ್ಕೆ ಹಾಕಿದರು. ಆಮೇಲೆ ಸೆರಗಿನಿಂದ ಪಾತ್ರೆ ಹಿಡಿದು ಒಲೆಯಿಂದ ಇಳಿಸಿಕೊಂಡರು.

"ಒಸಿ ಒತ್ತು ಕಾಯ್ರಿ. ಮೊದ್ಲು ನಾನು ಉಂಡು ನೋಡ್ತೀನಿ."

"ನೋಡಿದ್ಯಾ? ಬಸುರಿ ಬಾಯಿಂದ್ಲೂ ಕಿತ್ಕೊಂಡ್ ಉಣ್ತಾಳಲ್ಲ! ನಾಚ್ಕೆ ಆಗಾಕಿಲ್ವಾ ಅಕ್ಕ ನಿಂಗೆ?"

"ನಾಚ್ಕೆ ಬುಟ್ಟೋಳು ಕಣಮ್ಮಿ ನಾನು" ಎಂದು ನಗುತ್ತಲೇ ಪಾತ್ರೆ ಹೊತ್ತುಕೊಂಡು ಹೋದರು.

ನಾನು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅಳತೊಡಗಿದೆ. ಸಿಟ್ಟು, ಹಸಿವು, ಅವಮಾನ, ಎಲ್ಲ ಒಟ್ಟಿಗೆ. ಮೋಟುಗೋಡೆಯ ಆಚೆ ಅವರು ಜಗಲಿಯಲ್ಲಿ ಕುಳಿತು ಮುದ್ದೆಗೆ ಸಾರು ಅದ್ದಿಕೊಂಡು ಉಣ್ಣುವುದು ಕಾಣುತ್ತಿತ್ತು. ನಿಧಾನವಾಗಿ, ಪಾತ್ರೆಯಲ್ಲಿ ಮುಕ್ಕಾಲು ಪಾಲು ಉಳಿಸಿ, ಮುಚ್ಚಿಟ್ಟರು. ಎಂದಿನಂತೆ ಕಂಬಕ್ಕೆ ಒರಗಿದರು. ಗೋಡೆಯ ಮೇಲೆ ಅಳಿಲು ಬಂದು ಅವರ ಕಡೆಗೊಮ್ಮೆ ನೋಡಿ, ಕಡಲೆಬೇಳೆ ತಿಂದು ಮರ ಹತ್ತಿತು. ಅದು ಚೆನ್ನಾಗಿಯೇ ಇತ್ತು.

ದೊಡ್ಡವ್ವ ಚೆನ್ನಾಗಿರಲಿಲ್ಲ. ಮಧ್ಯಾಹ್ನ ಆಗುವ ಹೊತ್ತಿಗೆ ಅವರು ಕಂಬ ಬಿಟ್ಟು ಎದ್ದು ಹಿತ್ತಲ ಕಡೆ ಓಡುವುದನ್ನು ನೋಡಿದೆ. ವಾಂತಿಯ ಸದ್ದು ಕೇಳಿತು. ಮತ್ತೆ, ಮತ್ತೆ. ಅತ್ತೆ ಕೈಯಲ್ಲಿದ್ದ ಕಡೆಗೋಲನ್ನು ಅಲ್ಲೇ ಎಸೆದು ಗೋಡೆ ಹತ್ತಿ ಆಚೆ ಇಳಿದರು. ಬಾಗಿಲಿನಿಂದ ಸುತ್ತಿಕೊಂಡು ಹೋಗುವಷ್ಟು ತಾಳ್ಮೆ ಅವರಿಗಿರಲಿಲ್ಲ. ನಾನು ಹೋದಾಗ ದೊಡ್ಡವ್ವ ಹುಣಸೆಮರದ ಬುಡದಲ್ಲಿ ಮುದುರಿ ಬಿದ್ದಿದ್ದರು. ಮುಖ ಸುಣ್ಣವಾಗಿತ್ತು. ನನ್ನನ್ನು ಕಂಡದ್ದೇ ಅವರು ಹೇಳಿದ ಮಾತು ಒಂದೇ. "ಪಾತ್ರೆ... ಚೆಲ್ಬುಡು. ಕೋಳಿ ಮುಟ್ಟದಂಗೆ ಗುಂಡಿ ತೋಡಿ ಚೆಲ್ಲು. ನೀನು ಮುಟ್ಟಿಲ್ಲ ತಾನೆ? ಬೆರಳ ನೆಕ್ಕಿಲ್ಲ ತಾನೆ?"

ಇಲ್ಲ ದೊಡ್ಡವ್ವ, ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

ಊರಿನ ಹಾಲಿನ ಟೆಂಪೋದಲ್ಲಿ ಪಾಂಡವಪುರಕ್ಕೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅತ್ತೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರಂತೆ. ಬಸುರಿ ಆಸ್ಪತ್ರೆಗೆ ಬೇಡ ಎಂದು ನನ್ನನ್ನು ಮನೆಯಲ್ಲೇ ಬಿಟ್ಟರು. ನಾನು ದೇವರ ಕೋಣೆಯಲ್ಲಿ ದೀಪ ಹಚ್ಚಿ ಕುಳಿತೆ. ಅಲ್ಲಿಯವರೆಗೆ ನಾನು ದೇವರಲ್ಲಿ ಬೇಡಿದ್ದೆಲ್ಲ ನನ್ನ ಹೊಟ್ಟೆಯ ಸಲುವಾಗಿಯೇ. ಆ ಮಧ್ಯಾಹ್ನ ಮೊದಲ ಬಾರಿಗೆ ಬೇರೆಯವರಿಗಾಗಿ ಬೇಡಿದೆ. ಬೇಡುತ್ತಾ ಬೇಡುತ್ತಾ ನನಗೆ ಎಲ್ಲ ಅರ್ಥವಾಗುತ್ತಾ ಬಂತು. ಪ್ರತಿ ವರ್ಷ ಬೆಳಗ್ಗೆಯೇ ಒಬ್ಬರೇ ಉಂಡು, ಬಿಸಿಲು ಇಳಿಯುವ ತನಕ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದರಲ್ಲ... ಅದು ಹೊಟ್ಟೆಬಾಕತನವಾಗಿರಲಿಲ್ಲ. ಮೊಮ್ಮಕ್ಕಳಿಗೂ ಮುಟ್ಟಗೊಡದೆ ಇದ್ದದ್ದು ಜಿಪುಣತನವಾಗಿರಲಿಲ್ಲ. ಬೀದಿಯೆಲ್ಲ ನಕ್ಕಾಗ ಅವರೂ ಜೊತೆಗೆ ನಕ್ಕಿದ್ದರು.

ಸ್ವಾಮಿ ದೊಡ್ಡವನು. ಅವರು ಉಳಿದರು. ಬಾಟಲಿ ಏರಿಸಿ, ಸೂಜಿ ಹಾಕಿ, ಒಂದಷ್ಟು ದಿನ ಇಟ್ಟುಕೊಂಡು ಕಳಿಸಿದರು. ಡಾಕ್ಟರು ಚಿಕ್ಕವಯಸ್ಸಿನ ಹೆಣ್ಣುಮಗಳು. ಅವರು ಬೈದದ್ದನ್ನು ಅತ್ತೆ ಬಂದು ನನಗೆ ಹೇಳಿದರು. "ಅಳಿಲು ತಿಂದ್ರೆ ನಾವೂ ತಿನ್ನಬಹುದು ಅಂತ ಯಾರಜ್ಜಿ ಹೇಳಿದ್ದು? ಅದರ ಹೊಟ್ಟೆ ಬೇರೆ, ನಿಮ್ಮ ಹೊಟ್ಟೆ ಬೇರೆ. ಕೆಲವು ಅಣಬೆಯ ವಿಷ ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಲಿವರ್ ಹಿಡಿಯುತ್ತೆ. ಸಂಜೆ ತನಕ ನೋಡಿ ಮಕ್ಕಳಿಗೆ ಹಾಕ್ತಿದ್ರಾ? ನಿಮ್ಮ ಪುಣ್ಯ ಚೆನ್ನಾಗಿತ್ತು." ಡಾಕ್ಟರು ಹೇಳಿದ್ದು ಸರಿ. ದೊಡ್ಡವ್ವನ ಪರೀಕ್ಷೆ ಪರೀಕ್ಷೆಯೇ ಅಲ್ಲ. ಅಷ್ಟು ವರ್ಷ ನಾವೆಲ್ಲ ಬದುಕಿದ್ದು ಹುತ್ತದ ಅಣಬೆ ಒಳ್ಳೆಯದಾಗಿದ್ದರಿಂದ. ಆದರೆ ಅದನ್ನು ತಿಳಿದುಕೊಂಡ ಮೇಲೂ ನನಗೆ ಅವರ ಬಗ್ಗೆ ಗೌರವ ಕಡಿಮೆಯಾಗಲಿಲ್ಲ. ಅವರಿಗೆ ಗೊತ್ತಿದ್ದ ದಾರಿ ಅದೊಂದೇ, ಆ ದಾರಿಯಲ್ಲಿ ಅವರು ಮುಂದೆ ನಡೆದಿದ್ದರು.

ಮನೆಗೆ ಬಂದ ಮೇಲೆ ಗಂಜಿ ಕುಡಿಸುತ್ತಾ ಅತ್ತೆ ಕೇಳಿದರು. "ಯಾಕಕ್ಕ ಒಂದಿನಾನಾದ್ರೂ ಯೋಳ್ಬಾರ್ದಾಗಿತ್ತಾ? ಬಾಯಿಗೆ ಬಂದಂಗೆ ಅಂದ್ಬುಟ್ಟೆನಲ್ಲ."

"ಯೋಳಿದ್ರೆ ನೀವು ಉಣ್ತಿದ್ರಾ? ಎದ್ರಿಕೊಂಡು ಬುಟ್ಬುಡ್ತಿದ್ರಿ. ನಾಗಮಂಗಲದ ಕಡೆ ನಮ್ಮಪ್ಪನ ಅಟ್ಟೀಲಿ ಇಂಗೇಯ. ಮನೇಲಿ ಎಲ್ರಿಗಿಂತ ವಯಸ್ಸಾದೋರು ಮೊದ್ಲು ಉಣ್ಣೋದು. ನಮ್ಮಜ್ಜಿ ಉಣ್ತಿತ್ತು, ಆಮ್ಯಾಕೆ ನಮ್ಮವ್ವ ಉಂಡ್ಳು. ಮುದುಕಿ ಓದ್ರೆ ಒಸಿ ಅತ್ತು ಮಣ್ಣು ಮಾಡ್ಬುಡ್ತಾರೆ. ಕೂಸು ಓದ್ರೆ?" ಎಂದು ನನ್ನ ಹೊಟ್ಟೆಯ ಕಡೆ ನೋಡಿದರು. ಆಮೇಲೆ ಗೋಡೆಯ ಮೇಲಿನ ಅಳಿಲನ್ನು ನೋಡಿ, ಒಣಗಿದ ದನಿಯಲ್ಲಿ ಹೇಳಿದರು. "ಅಳಿಲಿನ ಮೈಮ್ಯಾಲೆ ಸ್ವಾಮಿ ಬೆರಳಿಕ್ಕಿ ಗುರ್ತು ಮಾಡವ್ನೆ ಕಣ್ ಮಗ. ಕಂಡೋರ್ಗೆಲ್ಲ ಗೊತ್ತಾಯ್ತದೆ, ಇದು ಒಳ್ಳೇದು ಅಂತ. ಅಣಬೆ ಮ್ಯಾಲೆ ಅವ್ನು ಏನೂ ಬರೆದಿಲ್ಲ. ಒಳ್ಳೇದೂ ಬೆಳ್ಳಗೆ, ಕೆಟ್ಟದ್ದೂ ಬೆಳ್ಳಗೆ. ಗುರ್ತು ಆಕೋ ಕೆಲ್ಸವ ನಮ್ಗೆ ಬುಟ್ಟವ್ನೆ."

ಅತ್ತೆ ಸೆರಗಿನಿಂದ ಅವರ ಬಾಯಿ ಒರೆಸಿ, ಗಂಜಿ ಲೋಟವನ್ನು ಮತ್ತೆ ತುಟಿಗೆ ಹಿಡಿದರು.

ಹೆಣ್ಣುಮಗು ಹುಟ್ಟಿತು. ಬಾಣಂತನದ ಹಂಡೆ ನೀರು ಕಾಯಿಸಿದವರೂ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದವರೂ ದೊಡ್ಡವ್ವನೇ. ಆಮೇಲೆ ಅವರು ಅಣಬೆಗೆ ಹೋಗಲಿಲ್ಲ. "ಬ್ಯಾಡ ಬುಡು, ಆ ಡಾಕ್ಟ್ರು ಮಗ ಎದ್ರಿಸ್ಬುಟ್ಟದೆ" ಎನ್ನುವರು. ಗುಡುಗಿದ ಮಾರನೇ ದಿನ ಮಾತ್ರ ನನ್ನ ಮಗಳನ್ನು ಎತ್ತಿಕೊಂಡು ಬದುವಿಗೆ ಹೋಗಿ, ಕೀಳದೆ, ಸುಮ್ಮನೆ ತೋರಿಸಿಕೊಂಡು ಬರುವರು. ಅದೇ ಮಗಳು ಈಗ ಹೇಳುತ್ತಾಳೆ, ಹುತ್ತದೊಳಗೆ ಗೆದ್ದಲುಗಳು ಅಣಬೆಯನ್ನು ಬೆಳೆಯ ಹಾಗೆ ಸಾಕುತ್ತವಂತೆ, ಅದಿಲ್ಲದೆ ಇವಿಲ್ಲ, ಇವಿಲ್ಲದೆ ಅದಿಲ್ಲವಂತೆ. ಕೇಳಿ ಕೈಮುಗಿಯಬೇಕು ಅನ್ನಿಸಿತು. ನೆಲದ ಕೆಳಗೂ ಯಾರೋ ಯಾರಿಗೋ ಉಣ್ಣಿಸುತ್ತಿದ್ದಾರೆ.

ದೊಡ್ಡವ್ವ ಹೋದದ್ದು ವಯಸ್ಸಾಗಿ, ಮಲಗಿದ ಕಡೆಯೇ, ಯಾರಿಗೂ ತೊಂದರೆ ಕೊಡದೆ. ಅವರಿಗೆ ನಾನು ಸರಿಯಾಗಿ ಒಂದು ಮಾತೂ ಹೇಳಲಿಲ್ಲ. ಎಂಥ ಮಾತು ಹೇಳುವುದು... ಹೇಳಲು ಹೋದಾಗಲೆಲ್ಲ ಅವರು ಏನಾದರೂ ತಮಾಷೆ ಮಾಡಿ ಬಾಯಿ ಮುಚ್ಚಿಸುತ್ತಿದ್ದರು.

ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಹೋದವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತೇವೆ. ಅವರು ಉಂಡ ಮೇಲೆಯೇ ನಾವು. ದೊಡ್ಡವ್ವ ತೀರಿಕೊಂಡ ವರ್ಷ ನಾನು ನಮ್ಮ ಮನೆಯ ಹಿರಿಯರಿಗೆ ಎಲೆ ಹಾಕಿ ಏಳುತ್ತಿದ್ದಾಗ, ಅತ್ತೆ ಇನ್ನೊಂದು ಎಲೆ ತಂದು ಸಾಲಿನ ಮೊದಲಿಗೆ ಹಾಕಿದ್ದರು. "ಅವ್ರ ಅಟ್ಟೀಲಿ ಇಕ್ತಾರಲ್ಲವ್ವ, ನಮ್ಮೋರಲ್ಲದೋರ್ಗೆ ನಾವ್ಯಾಕೆ?" ಎಂದು ನಮ್ಮೆಜಮಾನರು ಕೇಳಿದ್ದಕ್ಕೆ, "ನಿನ್ ಮಗಳ ಮುಖ ನೋಡ್ಲಾ, ಆಮ್ಯಾಕೆ ಕೇಳು" ಎಂದಿದ್ದರು. ಅಂದಿನಿಂದ ಆ ಎಲೆ ತಪ್ಪಿಲ್ಲ.

ಈ ಅಮಾವಾಸ್ಯೆಗೆ ಮಗಳು ರಜೆ ಹಾಕಿ ಬಂದಿದ್ದಳು. ಎಡೆ ಇಟ್ಟು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕುಳಿತಿದ್ದೆವು. ಅತ್ತೆಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬಾಗಿಲಿನ ಕಡೆಗೆ ಕಿವಿ ಕೊಟ್ಟುಕೊಂಡು ಕುಳಿತಿದ್ದರು. ಬೆಳಗ್ಗೆಯಿಂದ ಉಪವಾಸವಿದ್ದ ಮಗಳಿಗೆ ಹಸಿವು. ಚಿಲಕದ ಮೇಲೆ ಕೈಯಿಟ್ಟು ಕೇಳಿದಳು.

"ಅಜ್ಜಿ, ತುಂಬ ಹೊತ್ತಾಯ್ತು. ಇನ್ನು ತೆಗೀಲಾ?"

"ಕೈ ತೆಗಿ ಮಗ" ಎಂದರು ಅತ್ತೆ. "ಅವ್ಳು ಉಂಡು ಆಗ್ಲಿ."

ಮಗಳು ಬಂದು ನನ್ನ ಪಕ್ಕದಲ್ಲಿ ಕುಳಿತಳು. ಕಾದೆವು.